ದಿವಾಳಿ ಅರ್ಜಿ: ಗೃಹಸ್ಥರು ತಿಳಿದಿರಬೇಕಾದ ಸಂಗತಿಗಳು

ಸಾಲವೆಂಬುದು ಗೃಹಸ್ಥನ ಮನೆಗೆ ಅಪರಿಚಿತವಲ್ಲ. ಸಿಂಧನೂರಿನ ಕಾಲುವೆಯ ಬಯಲಿನಲ್ಲಿ ಭತ್ತ ನಾಟಿ ಮಾಡುವವನು ಗೊಬ್ಬರ, ಔಷಧಿಗಳನ್ನು ಉದ್ರಿ ತರುತ್ತಾನೆ. ಲಿಂಗಸುಗೂರು, ಮಸ್ಕಿಗಳ ಮಳೆಯಾಶ್ರಿತ ಹೊಲದಲ್ಲಿ ತೊಗರಿ, ಹತ್ತಿ ಬಿತ್ತುವವನು ಮೋಡವನ್ನು ನಂಬಿ ಪ್ರಾಮಿಸರಿ ನೋಟಿಗೆ ಸಹಿ ಹಾಕುತ್ತಾನೆ. 2023ರಂತಹ ಬರದ ವರ್ಷವೊಂದು ಬಂದರೆ ಸಾಕು, ಅಸಲು ಹಾಗೆಯೇ ನಿಂತು ಬಡ್ಡಿಗೆ ಬಡ್ಡಿ ಕೂಡುತ್ತದೆ. ಆಗ ಮನೆಯ ಯಜಮಾನನಿಗೆ ತೋರುವ ದಾರಿಗಳು ಎರಡೇ ಎಂಬಂತಾಗಿದೆ: ರಾತ್ರೋರಾತ್ರಿ ಊರು ಬಿಡುವುದು, ಇಲ್ಲವೆ ಬಾಯಿ ಬಿಟ್ಟು ಹೇಳಲಾಗದ ಇನ್ನೊಂದು. ಮೂರನೆಯ ದಾರಿಯೊಂದು ಕಾಯಿದೆಯಲ್ಲಿ ನೂರು ವರ್ಷಗಳಿಂದ ಇದೆ. ಅದನ್ನು ಬಲ್ಲವರು ಕಡಿಮೆ. ಬಲ್ಲವರೂ ಅದರ ಹೆಸರೆತ್ತಲು ನಾಚುತ್ತಾರೆ.

ಜನ ಅದನ್ನು ‘ಪಾಪರ್ ಚೀಟಿ’ ಎನ್ನುತ್ತಾರೆ. ತೆಲುಗಿನವರ ಒಡನಾಟವಿರುವ ಕಡೆ ‘ಐ.ಪಿ. ಹಾಕಿದ’ ಎಂಬ ಮಾತೂ ಉಂಟು. ಎರಡರಲ್ಲಿಯೂ ತಿರಸ್ಕಾರ ಬೆರೆತಿದೆ. ಊರವರ ದುಡ್ಡು ನುಂಗಿ, ಆಸ್ತಿಯನ್ನು ಹೆಂಡತಿಯ ಹೆಸರಿಗೆ ಮಾಡಿ, ಆಮೇಲೆ ಕೈಯೆತ್ತಿದ ವ್ಯಾಪಾರಿಗಳ ನೆನಪು ಆ ತಿರಸ್ಕಾರದ ಹಿಂದಿದೆ. ಆದರೆ ಕಾಯಿದೆಯನ್ನು ಬರೆದುದು ಅಂಥವರಿಗಾಗಿ ಅಲ್ಲ. ಪ್ರಾಮಾಣಿಕನಾಗಿ ಸೋತವನಿಗೆ ಮತ್ತೆ ಕಾಯಕಕ್ಕೆ ನಿಲ್ಲುವ ಅವಕಾಶ ಕೊಡುವುದೇ ಅದರ ಉದ್ದೇಶ.

ಇಂದಿಗೂ ನಮ್ಮ ಭಾಗದ ಸಾಮಾನ್ಯ ಗೃಹಸ್ಥನಿಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ. ಹಿಂದೆ ಹೈದರಾಬಾದು ಸಂಸ್ಥಾನದಲ್ಲಿದ್ದ ಈ ತಾಲ್ಲೂಕುಗಳಿಗೂ ರಾಜ್ಯ ಒಂದಾದ ಮೇಲೆ ಅದನ್ನು ವಿಸ್ತರಿಸಲಾಯಿತು. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿತಾದರೂ, ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವನ್ನು 2019ರ ಡಿಸೆಂಬರ್ 1ರಿಂದ ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿ ಮಾಡಲಾಗಿದೆ. ಕಡುಬಡವರ ಸಣ್ಣ ಸಾಲವನ್ನು ಮನ್ನಾ ಮಾಡುವ ಒಳ್ಳೆಯ ಏರ್ಪಾಡೊಂದು ಅದರಲ್ಲಿದ್ದು, ಅದು ಕಾಗದದ ಮೇಲೆಯೇ ಉಳಿದಿರುವುದು ವಿಷಾದಕರ.

ಅರ್ಜಿಯನ್ನು ಕೇಳುವ ಅಧಿಕಾರ ಜಿಲ್ಲಾ ನ್ಯಾಯಾಲಯದ್ದು. ಸರ್ಕಾರ ಅಧಿಸೂಚನೆಯ ಮೂಲಕ ಕೆಳಗಿನ ನ್ಯಾಯಾಲಯಕ್ಕೂ ಅದನ್ನು ವಹಿಸಬಹುದು. ಅರ್ಜಿಯಲ್ಲಿ ಪ್ರತಿಯೊಂದು ಸಾಲವನ್ನೂ, ಕೊಟ್ಟವರ ಹೆಸರು, ವಿಳಾಸ, ಮೊತ್ತಗಳೊಂದಿಗೆ ಕಾಣಿಸಬೇಕು. ಬೀಗರಿಂದ ತಂದ ಕೈಗಡವನ್ನು ಮರ್ಯಾದೆಗಂಜಿ ಬಿಡುವಂತಿಲ್ಲ. ಹಾಗೆಯೇ ಇರುವ ಆಸ್ತಿಯನ್ನೆಲ್ಲ ಹೇಳಿ, ಅದನ್ನು ನ್ಯಾಯಾಲಯದ ವಶಕ್ಕೆ ಒಪ್ಪಿಸಲು ಸಿದ್ಧನೆಂದು ಬರೆದುಕೊಡಬೇಕು. ಬಳಿಕ ಸಾಲ ಕೊಟ್ಟವರಿಗೆಲ್ಲ ನೋಟೀಸು ಹೋಗುತ್ತದೆ, ರಾಜ್ಯಪತ್ರದಲ್ಲಿ ಪ್ರಕಟಣೆಯಾಗುತ್ತದೆ. ವಿಚಾರಣೆಯ ದಿನ ಅವರೆದುರಿನಲ್ಲಿಯೇ ಋಣಿಯನ್ನು ಪ್ರಶ್ನಿಸಲಾಗುತ್ತದೆ. ಈ ಒಂದು ದಿನಕ್ಕಾಗಿ ಮನಸ್ಸನ್ನು ಗಟ್ಟಿಮಾಡಿಕೊಂಡಿರಬೇಕು.

ಅರ್ಜಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ದಿವಾಳಿಯೆಂದು ನ್ಯಾಯಾಲಯ ಘೋಷಿಸಿದ ಮೇಲೆಯೇ ಆಸ್ತಿ ನ್ಯಾಯಾಲಯದ ಅಥವಾ ರಿಸೀವರರ ಕೈಸೇರುತ್ತದೆ. ಅಲ್ಲಿಂದ ಮುಂದೆ ಅದರ ಅಪ್ಪಣೆಯಿಲ್ಲದೆ ಯಾರೂ ಆ ಸಾಲಕ್ಕಾಗಿ ಹೊಸ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆಯನ್ನೂ ಕೋರಬಹುದು. ಬಂಧನದ ಭಯ ನಮ್ಮ ಹಳ್ಳಿಗಳಲ್ಲಿ ಬಹಳ ಇರುವುದರಿಂದ ಇಷ್ಟು ಹೇಳುತ್ತೇವೆ: ಕೇವಲ ಬಡತನದಿಂದ ತೀರಿಸಲಾರದವನನ್ನು ಡಿಕ್ರಿಯ ಸಾಲಕ್ಕಾಗಿ ಸೆರೆಗೆ ಹಾಕಬಾರದೆಂದು ಸುಪ್ರೀಂ ಕೋರ್ಟು 1980ರಲ್ಲಿಯೇ ಹೇಳಿದೆ. ಹಣದ ಡಿಕ್ರಿಗಾಗಿ ಹೆಣ್ಣುಮಕ್ಕಳನ್ನಂತೂ ಬಂಧಿಸುವಂತೆಯೇ ಇಲ್ಲ.

ಎಲ್ಲವೂ ಹೋಗಿಬಿಡುತ್ತದೆಯೆ? ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜಪ್ತಿಯಿಂದ ಹೊರಗಿಟ್ಟ ವಸ್ತುಗಳು ದಿವಾಳಿಯಲ್ಲಿಯೂ ಮನೆಯಲ್ಲಿಯೇ ಉಳಿಯುತ್ತವೆ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಧರ್ಮಾಚಾರದಂತೆ ಹೆಣ್ಣುಮಕ್ಕಳು ತೆಗೆಯಬಾರದ ಆಭರಣ, ಕಸುಬುದಾರನ ಉಪಕರಣ ಇವು ಆ ಪಟ್ಟಿಯಲ್ಲಿವೆ. ಒಕ್ಕಲಿಗನಾದರೆ ಅವನ ಬೇಸಾಯದ ಸಾಮಾನು, ಜೀವನಕ್ಕೆ ಬೇಕಾದಷ್ಟು ಎತ್ತುಗಳು, ಬಿತ್ತನೆಯ ಬೀಜ, ಅವನು ವಾಸಿಸುವ ಮನೆ ಕೂಡ ಸೇರಿವೆ. ಆದರೆ ಅಡವಿಟ್ಟ ಆಸ್ತಿಯ ಮೇಲೆ ಅಡವು ಹಿಡಿದವನ ಹಕ್ಕು ದಿವಾಳಿಯಿಂದ ಕುಂದುವುದಿಲ್ಲ. ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆ ಹರಾಜು ಹಾಕಲು ಬಳಸುವ 2002ರ ಸರ್ಫೇಸಿ ಕಾಯಿದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲವೆಂಬುದನ್ನೂ ರೈತರು ನೆನಪಿಡತಕ್ಕದ್ದು.

ಹೊಲವನ್ನು ಮೊದಲೇ ಅಳಿಯನ ಹೆಸರಿಗೆ ದಾನಪತ್ರ ಮಾಡಿಟ್ಟು ಆಮೇಲೆ ಅರ್ಜಿ ಹಾಕಿದರಾಯಿತೆಂದು ಸಲಹೆ ಕೊಡುವ ಜಾಣರು ಊರೂರಿಗೂ ಇದ್ದಾರೆ. ಅರ್ಜಿಗೆ ಹಿಂದಿನ 2 ವರ್ಷಗಳೊಳಗಿನ ಅಂತಹ ದಾನವನ್ನು ನ್ಯಾಯಾಲಯ ರದ್ದುಪಡಿಸಬಹುದು. ಆಸ್ತಿ, ಲೆಕ್ಕಪತ್ರಗಳನ್ನು ಮೋಸದಿಂದ ಮರೆಮಾಡಿದರೆ 1 ವರ್ಷದವರೆಗೆ ಸೆರೆವಾಸವೂ ಉಂಟು.

ದಿವಾಳಿಯ ಘೋಷಣೆಯೊಂದೇ ಸಾಲಮುಕ್ತಿಯಲ್ಲ. ನ್ಯಾಯಾಲಯ ಗೊತ್ತುಪಡಿಸಿದ ಅವಧಿಯೊಳಗೆ ಬಿಡುಗಡೆಗಾಗಿ ಬೇರೆ ಅರ್ಜಿ ಕೊಡಬೇಕು. ಕೊಡದಿದ್ದರೆ ಘೋಷಣೆಯೇ ರದ್ದಾಗಿ ಮೊದಲಿನ ಸ್ಥಿತಿಗೆ ಬರುತ್ತಾನೆ. ಇಲ್ಲಿ ಕಾಯಿದೆ ಹಳೆಯ ನಾಣ್ಯದಲ್ಲಿಯೇ ಮಾತನಾಡುತ್ತದೆ: ಆಸ್ತಿಯ ಬೆಲೆ ಭದ್ರತೆಯಿಲ್ಲದ ಸಾಲದ ರೂಪಾಯಿಗೆ ಎಂಟಾಣೆಯಷ್ಟಾದರೂ ಇರದಿದ್ದರೆ ಪೂರ್ಣ ಬಿಡುಗಡೆಯಿಲ್ಲ. ತನ್ನ ಹೊಣೆಯಲ್ಲದ ಕಾರಣದಿಂದ ಹಾಗಾಯಿತೆಂದು ತೋರಿಸಿಕೊಟ್ಟರೆ ಮಾತು ಬೇರೆ. ಬೆಳೆ ಒಣಗಿದುದಕ್ಕೆ, ಆಸ್ಪತ್ರೆಯ ಖರ್ಚಿಗೆ ದಾಖಲೆ ಇಟ್ಟುಕೊಳ್ಳಬೇಕೆನ್ನುವುದು ಇದಕ್ಕಾಗಿಯೇ. ಜೂಜು, ದುಂದುವೆಚ್ಚಗಳಿಂದ ದಿವಾಳಿಯಾದವನಿಗೆ ಈ ಕನಿಕರವಿಲ್ಲ. ಸಾಲ ತಂದು ಸಾವಿರ ಎಲೆ ಹಾಕಿಸುವ ನಮ್ಮ ಮದುವೆಗಳನ್ನು ನ್ಯಾಯಾಧೀಶರು ಯಾವ ಲೆಕ್ಕಕ್ಕೆ ಸೇರಿಸಿಯಾರೆಂದು ಹಿರಿಯರೇ ಊಹಿಸಲಿ.

ಬಿಡುಗಡೆಯಾದರೂ ಸರ್ಕಾರದ ಬಾಕಿ, ವಂಚನೆಯಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಉಳಿಯುತ್ತವೆ. ಚೆಕ್ಕು ತಿರುಗಿ ಬಂದ ಕ್ರಿಮಿನಲ್ ಮೊಕದ್ದಮೆಯನ್ನು ಈ ಕಾಯಿದೆ ತಡೆಯುವುದಿಲ್ಲ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುವ ರೂಢಿ ಅದೆಷ್ಟು ಅಪಾಯವೆಂದು ಇದರಿಂದ ತಿಳಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಋಣಿ ಬಿಡುಗಡೆಯಾದರೂ ಅವನ ಜಾಮೀನುದಾರ ಬಿಡುಗಡೆಯಾಗುವುದಿಲ್ಲ. ಸಹಿ ಹಾಕಿದ ಭಾವಮೈದುನನಿಗೆ ಅರ್ಜಿ ಹಾಕುವ ಮುನ್ನವೇ ತಿಳಿಸುವುದು ಧರ್ಮ.

ತಂದೆಯ ಸಾಲ ಮಗನ ಕೊರಳಿಗೆ ಬರುವುದೆ ಎಂದು ತಾಯಂದಿರು ನಮ್ಮನ್ನು ಪದೇ ಪದೇ ಕೇಳುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತರ ಹೆಸರು ಸ್ಪಷ್ಟವಾಗಿದ್ದು ಅದು ನಮಗೂ ಅನ್ವಯಿಸುತ್ತದೆ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯ ಬಳಿಕ ಮಾಡಿದ ಸಾಲಕ್ಕೆ, ಮಗನೆಂಬ ಧರ್ಮಬಾಧ್ಯತೆಯ ಕಾರಣದಿಂದಲೇ ಅವನನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ತಂದೆಯಿಂದ ಬಂದ ಆಸ್ತಿಯಷ್ಟರ ಮಟ್ಟಿಗೆ ಮಾತ್ರ ಹೊಣೆ. ಅವನ ಸ್ವಂತ ದುಡಿಮೆಗೆ ಅದು ತಟ್ಟುವುದಿಲ್ಲ.

ವಾರದ ಕಂತಿನ ಕಿರುಸಾಲದವರು ಬಾಗಿಲಲ್ಲಿ ಕುಳಿತು ಅವಮಾನಿಸಿದರೆ ದಿವಾಳಿಯವರೆಗೆ ಹೋಗಬೇಕಾಗಿಲ್ಲ. ಅಂತಹ ಬಲಾತ್ಕಾರವನ್ನು ತಡೆಯಲು ರಾಜ್ಯ 2025ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತಂದಿದೆ. ಪೊಲೀಸರಿಗೆ ದೂರು ಕೊಡಬಹುದು. ವಕೀಲರ ಫೀಜಿಗೆ ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬೇಕು. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ಹೋಗುವಾಗ ಪಹಣಿ, ಬ್ಯಾಂಕಿನ ಪುಸ್ತಕ, ಬಂದಿರುವ ನೋಟೀಸುಗಳು, ಮತ್ತು ಗಂಡ ಹೆಂಡತಿ ಕೂಡಿ ಕುಳಿತು ಬರೆದ ಸಾಲದ ಪೂರ್ಣ ಪಟ್ಟಿ ಜೊತೆಗಿರಲಿ.