ದಾಖಲಾಗದ ದೂರು

ಎಮ್ಮೆದೊಡ್ಡಿಯ ರೈತ ತನ್ನ ಪಹಣಿ ನೋಡಲು ಈಗ ಕಡೂರಿನ ತಾಲ್ಲೂಕು ಕಚೇರಿಗೆ ಹೋಗಬೇಕಿಲ್ಲ. ಭೂಮಿ ಜಾಲತಾಣದಲ್ಲಿ ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟರೆ ಸಾಕು. ಕಚೇರಿ ಕೆಲಸ ಹೀಗೆ ಬ್ರೌಸರಿಗೆ ಬಂದಂತೆ ಹೊಸ ತೊಡಕೊಂದೂ ಜೊತೆಗೆ ಬಂದಿದೆ. ಯಾವುದೋ ತಾಣದ ಸರ್ವರಿನಲ್ಲಿ ಗೂಢಲಿಪಿಯ ನಿಯಮ ಬಿಗಿ ಮಾಡಿದರೆ ಮರುದಿನ ಹಳೆಯ ಫೋನುಗಳಲ್ಲಿ ಆ ತಾಣ ತೆರೆಯುವುದೇ ಇಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡು ಜನ ಸುಮ್ಮನಾಗುತ್ತಾರೆ.

ಈ ತೊಡಕಿನ ಬೇರು ಹಳೆಯದು. ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತನ್ನು ಗೂಢಲಿಪಿಯಲ್ಲಿಡುವ ನಿಯಮಾವಳಿಯಾದ ಎಸ್‌ಎಸ್‌ಎಲ್ 2.0 ಅನ್ನು ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ಹೊರತಂದಿತು. ಮರುವರ್ಷ 3.0, 1999ರಲ್ಲಿ ಅದರ ಉತ್ತರಾಧಿಕಾರಿ ಟಿಎಲ್‌ಎಸ್ 1.0, 2008ರಲ್ಲಿ 1.2, 2018ರಲ್ಲಿ 1.3 ಬಂದವು. ಹೊಸದು ಬಂದರೂ ಹಳೆಯದನ್ನು ತೆಗೆಯುವ ಆತುರ ಯಾರಿಗೂ ಇರಲಿಲ್ಲ. ಆ ಔದಾರ್ಯವೇ ಮುಳುವಾಯಿತು. ಹೊಸ ಬ್ರೌಸರನ್ನೂ 3.0ಕ್ಕೆ ಇಳಿಸಿ ಕುಕಿ ಕದಿಯಬಹುದೆಂದು 2014ರ ಅಕ್ಟೋಬರಿನಲ್ಲಿ ಗೂಗಲ್ ಸಂಶೋಧಕರು ತೋರಿಸಿಕೊಟ್ಟರು. ಆ ದಾಳಿಗೆ ಪೂಡಲ್ ಎಂದು ಹೆಸರು. ಆದ್ದರಿಂದ, ಹಳೆಯ ಫೋನಿನವರಿಗಾಗಿ ಹಳೆಯದೂ ಇರಲಿ ಎಂಬ ವಾದ ಕೇಳಲು ಹಿತವಾದರೂ ಒಪ್ಪುವಂಥದ್ದಲ್ಲ. ಕೆಲವರಿಗೆ ಕೊಟ್ಟ ರಿಯಾಯಿತಿಯಿಂದ ಎಲ್ಲರಿಗೂ ಅಪಾಯ.

ತಪ್ಪು ಬಿಗಿ ಮಾಡಿದ್ದರಲ್ಲಿಲ್ಲ, ಯಾರು ಹೊರಗುಳಿದರೆಂದು ಎಣಿಸದಿರುವುದರಲ್ಲಿದೆ. ಬ್ರೌಸರ್ ಮೊದಲು ತನಗೆ ಬರುವ ಆವೃತ್ತಿ, ಗೂಢಲಿಪಿಗಳ ಪಟ್ಟಿ ಕಳಿಸುತ್ತದೆ. ಸರ್ವರ್ ಅದರಲ್ಲಿ ತನಗೆ ಒಪ್ಪುವುದನ್ನು ಆರಿಸುತ್ತದೆ. ಒಂದೂ ಒಪ್ಪದಿದ್ದರೆ ಸಂಪರ್ಕ ಅಲ್ಲೇ ಕಡಿಯುತ್ತದೆ. ಪುಟದ ಮಾತು ಶುರುವಾಗುವ ಮೊದಲೇ ಇದೆಲ್ಲ ಮುಗಿಯುವುದರಿಂದ ‘ನಿಮ್ಮ ಫೋನ್ ಹಳೆಯದು’ ಎಂಬ ಸೂಚನೆಯನ್ನೂ ತೋರಿಸಲಾಗದು. ಭೇಟಿಗಳ ಲಾಗಿನಲ್ಲಿ ಒಂದು ಸಾಲೂ ಮೂಡದು. ಬಾಗಿಲಿಂದಲೇ ಹಿಂತಿರುಗಿದವರು ಲೆಕ್ಕಕ್ಕೇ ಇಲ್ಲ. ಹೀಗಿರುವಾಗ, ದೂರೇ ಬಂದಿಲ್ಲ ಎಂಬ ನಿರ್ವಾಹಕರ ಸಮಾಧಾನಕ್ಕೆ ಬೆಲೆಯೆಷ್ಟು?

ಎಣಿಸದಿದ್ದರೆ ಏನಾಗುತ್ತದೆಂಬುದಕ್ಕೆ ಎದುರು ದಿಕ್ಕಿನ ಸಾಕ್ಷ್ಯವೂ ಇದೆ. ಟಿಎಲ್‌ಎಸ್ 1.0 ಮತ್ತು 1.1 ಕೈಬಿಡುವುದಾಗಿ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ 2018ರ ಅಕ್ಟೋಬರಿನಲ್ಲೇ ಸಾರಿದ್ದವು. 2020ರ ಮಾರ್ಚಿನಲ್ಲಿ ಮೊಜಿಲ್ಲಾದ ಬ್ರೌಸರ್ ಫೈರ್‌ಫಾಕ್ಸ್ 74 ಹಾಗೆಯೇ ಮಾಡಿತು. ಆದರೆ ಕೋವಿಡ್ ಮಾಹಿತಿ ಕೊಡುವ ಕೆಲವು ಸರ್ಕಾರಿ ತಾಣಗಳೇ ತೆರೆಯದಂತಾಗಿ, ಮೊಜಿಲ್ಲಾ ಕೆಲಕಾಲ ಹಿಂದೆ ಸರಿಯಬೇಕಾಯಿತು. ಇಲ್ಲಿ ಹಳೆಯದಾಗಿದ್ದದ್ದು ಜನರ ಫೋನಲ್ಲ, ಸರ್ವರು!

ದೋಷ ಹುಡುಕುವಾಗಲೂ ಎಲ್ಲವನ್ನೂ ಆವೃತ್ತಿಯ ತಲೆಗೆ ಕಟ್ಟಬಾರದು. ಕಂಪ್ಯೂಟರಿನಲ್ಲಿ ತೆರೆದು ಕೆಲವು ಫೋನುಗಳಲ್ಲಿ ಮಾತ್ರ ತೆರೆಯದಿದ್ದರೆ, ತಾಣದ ಪ್ರಮಾಣಪತ್ರವನ್ನು ಬ್ರೌಸರ್ ನಂಬುವ ಮೂಲ ಪ್ರಮಾಣಪತ್ರಕ್ಕೆ ಜೋಡಿಸುವ ನಡುವಿನ ಪ್ರಮಾಣಪತ್ರವನ್ನು ಸರ್ವರ್ ಕಳಿಸುತ್ತಿಲ್ಲವೇ ಎಂದು ಮೊದಲು ನೋಡಬೇಕು. ಕಂಪ್ಯೂಟರಿನ ಬ್ರೌಸರುಗಳು ಎಷ್ಟೋ ಸಲ ಅದನ್ನು ತಾವೇ ತಂದುಕೊಳ್ಳುತ್ತವೆ. ಫೋನಿನ ತಾರೀಖು ತಪ್ಪಿದ್ದರೂ ಒಳ್ಳೆಯ ಪ್ರಮಾಣಪತ್ರ ಸುಳ್ಳೆನಿಸಿಕೊಳ್ಳುತ್ತದೆ.

ಹೊಸ ಫೋನ್ ಕೊಳ್ಳಲಿ ಎನ್ನುವವರಿದ್ದಾರೆ. ಕೊಳ್ಳಬಲ್ಲವರು ಕೊಳ್ಳಲಿ, ಆದರೆ ಅದನ್ನು ಅವರಿಗೆ ಹೇಳಬೇಕಾದ್ದು ಪುಟ ಇನ್ನೂ ತೆರೆಯುತ್ತಿರುವಾಗ. ಹಳೆಯ ಆವೃತ್ತಿ ಮುಚ್ಚುವ ಕೆಲವು ವಾರ ಮೊದಲು, ಯಾರು ಯಾವ ಆವೃತ್ತಿಯಲ್ಲಿ ಬರುತ್ತಿದ್ದಾರೆಂದು ನಿರ್ವಾಹಕರು ಬರೆದಿಟ್ಟುಕೊಳ್ಳಲಿ, ಹಳೆಯದರಲ್ಲಿ ಬರುವವರ ಪುಟದ ಮೇಲೆ ಕನ್ನಡದಲ್ಲೊಂದು ಸೂಚನೆ ಹಾಕಲಿ. ಎಂಜಿನ್‌ಎಕ್ಸ್ ಸರ್ವರಿನಲ್ಲಿ ಆವೃತ್ತಿ ಬರೆದಿಡಲು ಲಾಗಿನ ನಮೂನೆಗೆ ಒಂದೇ ಪದ ಸೇರಿಸಿದರಾಯಿತು.