ವಿಷ ಏರಿತು, ಇಳಿಸುವವರಿಲ್ಲ

“ಸರ, ನನ್ನ ಲೈಫ್ ಇಪ್ಪತ್ತಕ್ಕ ಇಪ್ಪತ್ತು ಹಂಗ ಐತಲ್ರೀ. ಮತ್ತ ನಾ ಹೆಂಗ ಸೋತೆ?”

ಹೋದ ಮಳೆಗಾಲದ ಒಂದು ಶನಿವಾರ ಸಂಜೆ, ಪುಣೆಯ ಬಾಣೇರ್‌ನಲ್ಲಿರುವ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಸಿಂಧನೂರಿನ ಹುಡುಗ ಹೀಗೆ ಕೇಳಿದ. ಅವನು ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತಷ್ಟೆ. ಆಫೀಸಿನಲ್ಲಿ ಕನ್ನಡದವನೊಬ್ಬ ಇದ್ದಾನೆ ಎಂದು ಯಾರೋ ಹೇಳಿದ್ದರಂತೆ, ಕ್ಯಾಂಟೀನಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಿದ್ದ. ಶನಿವಾರ ಬಾ ಮಾರಾಯ, ನಾವು ಒಂದಷ್ಟು ಜನ ಕಾರ್ಡ್ ಆಡ್ತೀವಿ ಎಂದು ಕರೆದವನು ನಾನೇ. ಆಟ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ. ಅವನ ಮುಂದೆ ಒಂದೇ ಒಂದು ಲ್ಯಾಂಡ್ ಕಾರ್ಡ್ ಇತ್ತು. ಪಕ್ಕದಲ್ಲಿ ನಾನು ಎಣಿಸಿ ಇಟ್ಟ ಹತ್ತು ಹುಣಸೆ ಬೀಜ.

ಆ ಹತ್ತು ಬೀಜವೇ ವಿಷ.

ಕಾರ್ಡ್ ಎಂದ ಕೂಡಲೇ ಊರಿನಲ್ಲಿ ಇಸ್ಪೀಟು ಅಂದುಕೊಳ್ಳುತ್ತಾರೆ. “ದುಡ್ಡು ಕಟ್ಟಿ ಆಡ್ತೀಯೇನೋ?” ಎಂದು ಅಮ್ಮ ಫೋನಿನಲ್ಲಿ ಗದರಿದ್ದರು. ಕಟ್ಟುವುದಿಲ್ಲಮ್ಮ, ಕಾರ್ಡ್ ಕೊಳ್ಳುವುದರಲ್ಲೇ ಖರ್ಚಾಗಿಬಿಡುತ್ತದೆ ಎಂದೆ. ಆಟದ ಹೆಸರು ಮ್ಯಾಜಿಕ್: ದ ಗ್ಯಾದರಿಂಗ್. ಗಣಿತದಲ್ಲಿ ಡಾಕ್ಟರೇಟ್ ಮಾಡಿದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ಅಮೆರಿಕದ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 1993ರಲ್ಲಿ ಮಾರುಕಟ್ಟೆಗೆ ತಂದಿತು. ಸಾವಿರಾರು ಕಾರ್ಡುಗಳಿಂದ ನಮಗೆ ಬೇಕಾದವನ್ನು ಆರಿಸಿ ಸಾಮಾನ್ಯವಾಗಿ 60 ಕಾರ್ಡಿನ ಡೆಕ್ ಕಟ್ಟಿಕೊಳ್ಳಬೇಕು. ಲ್ಯಾಂಡ್ ಕಾರ್ಡಿನಿಂದ ಮಾನಾ ಎಂಬ ಶಕ್ತಿ ಬರುತ್ತದೆ, ಮಾನಾ ಕೊಟ್ಟು ಕ್ರೀಚರ್‌ಗಳನ್ನು ಇಳಿಸಿ ಎದುರಾಳಿಯ ಮೇಲೆ ಬಿಡಬೇಕು. ಇಬ್ಬರಿಗೂ 20 ಲೈಫ್. ಸೊನ್ನೆಗೆ ಇಳಿದವನು ಸೋತ.

ಈ ಒಂದು ಖಾತೆಯ ಪಕ್ಕದಲ್ಲಿ ಸದ್ದಿಲ್ಲದೆ ಇನ್ನೊಂದು ಖಾತೆ ಇದೆ. ವಿಷದ ಕೆಲವು ಕಾರ್ಡುಗಳು ಎದುರಾಳಿಗೆ ಪಾಯ್ಸನ್ ಕೌಂಟರ್ ಕೊಡುತ್ತವೆ. ಅದು 10 ಆದರೆ ಲೈಫ್ ಎಷ್ಟೇ ಇರಲಿ, ಆಟ ಮುಗಿಯಿತು. ಲೈಫ್ ಇಳಿಯುತ್ತದೆ, ವಿಷ ಏರುತ್ತದೆ. ಲೈಫನ್ನು ಮತ್ತೆ ಗಳಿಸಿಕೊಳ್ಳುವ ಕಾರ್ಡುಗಳು ರಾಶಿ ರಾಶಿ ಇವೆ. ವಿಷ ಇಳಿಸುವ ಕಾರ್ಡು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ನಾನು ಆ ದಿನ ಮಾಡಿದ ಲೆಕ್ಕ ಹೀಗೆ. ಮೊದಲ ಸುತ್ತಿನಲ್ಲಿ ಒಂದು ಮಾನಾ ಕೊಟ್ಟು ಗ್ಲಿಸ್ಟನರ್ ಎಲ್ಫ್ ಎಂಬ ಪುಟ್ಟ ಕ್ರೀಚರ್ ಇಳಿಸಿದೆ. ಅದರ ಬಲ ಬರೀ 1, ಆದರೆ ಅದಕ್ಕೆ ಇನ್ಫೆಕ್ಟ್ ಎಂಬ ಗುಣವಿದೆ. ಇನ್ಫೆಕ್ಟ್ ಇರುವ ಕ್ರೀಚರ್ ಹೊಡೆದರೆ ಎದುರಾಳಿಯ ಲೈಫ್ ಕಡಿಮೆಯಾಗುವುದಿಲ್ಲ. ಎಷ್ಟು ಬಲದ ಪೆಟ್ಟೋ ಅಷ್ಟು ವಿಷ ಏರುತ್ತದೆ. ಎರಡನೇ ಸುತ್ತಿನಲ್ಲಿ ಒಂದು ಮಾನಾಕ್ಕೆ ಮೈಟ್ ಆಫ್ ಓಲ್ಡ್ ಕ್ರೋಸಾ, ಬಲ 4 ಹೆಚ್ಚಿತು. ಇನ್ನೊಂದು ಮಾನಾಕ್ಕೆ ಜೈಂಟ್ ಗ್ರೋತ್, 3 ಹೆಚ್ಚಿತು. ಮ್ಯುಟಜೆನಿಕ್ ಗ್ರೋತ್ ಎಂಬುದಕ್ಕೆ ಮಾನಾ ಬದಲು ನನ್ನದೇ 2 ಲೈಫ್ ಕೊಟ್ಟೆ, ಇನ್ನೂ 2. ಎಲ್ಫ್‌ನ 1 ಸೇರಿಸಿ ಕೂಡಿ ನೋಡಿ: 10. ತಡೆಯಲು ಅವನ ಬಳಿ ಏನೂ ಇರಲಿಲ್ಲ. ಲೈಫಿನ ಖಾತೆಯಲ್ಲಿ ಒಂದು ಗೀರೂ ಬೀಳದೆ ಹುಡುಗ ಹೊರಬಿದ್ದ.

ನಿಜ ಹೇಳಬೇಕೆಂದರೆ ಇದು ಅಷ್ಟು ದೊಡ್ಡ ಸಾಹಸವಲ್ಲ. ಆಟ ಬಲ್ಲವನು ಎದುರಿಗಿದ್ದರೆ, ನಾನು ಎಲ್ಫಿಗೆ ಬಲ ತುಂಬಲು ಹೊರಟ ಕ್ಷಣದಲ್ಲೇ ಒಂದು ಮಾನಾದ ಕಾರ್ಡಿನಿಂದ ಅದನ್ನು ಕೊಂದುಬಿಡುತ್ತಾನೆ. ಎಲ್ಫೂ ಹೋಯಿತು, ಅದರ ಮೇಲೆ ಸುರಿದ ಕಾರ್ಡೂ ಹೋಯಿತು, ನಾನು ಬರಿಗೈ. ಹೊಸಬನ ಎದುರು ಮಾತ್ರ ಈ ಡೆಕ್ ತಪ್ಪದೆ ಕೊಲ್ಲುತ್ತದೆ. ಇದು ನನಗೆ ಗೊತ್ತಿತ್ತು, ಗೊತ್ತಿದ್ದೂ ಅದೇ ಡೆಕ್ ಹೊರತೆಗೆದೆ.

ಹುಡುಗ ನಕ್ಕ. ಚಹಾ ಕುಡಿಯುತ್ತಾ, “ನಮ್ಮ ಕಡೆ ಹಾವು ಕಡದ್ರ ವಿಷ ಇಳಸ್ತೀವಿ ಅನ್ನಾವ್ರು ಇರ್ತಾರ್ರೀ ಸರ. ನಿಮ್ಮ ಆಟದಾಗ ಅಂಥಾವ್ರು ಯಾರೂ ಇಲ್ಲೇನ್ರೀ?” ಎಂದು ಕೇಳಿದ. ಇದ್ದಾರೆ. 1995ರ ಹೋಮ್‌ಲ್ಯಾಂಡ್ಸ್ ಸೆಟ್‌ನಲ್ಲಿ ಲೀಚಸ್ ಎಂಬ ಕಾರ್ಡ್ ಬಂತು, ಅಂದರೆ ಜಿಗಣೆ. ಮೈಯಲ್ಲಿರುವ ವಿಷವನ್ನೆಲ್ಲ ಹೀರಿ ತೆಗೆಯುತ್ತದೆ, ಹೀರಿದಷ್ಟೇ ಪೆಟ್ಟನ್ನು ಲೈಫಿಗೆ ಕೊಡುತ್ತದೆ. ಪುಕ್ಕಟೆ ಏನೂ ಇಲ್ಲ. ಆಮೇಲೆ 2011ರಲ್ಲಿ ಬಂದ ಮೆಲೀರಾ ಎಂಬ ಪಾತ್ರ ನಮ್ಮ ಕಡೆ ಇದ್ದರೆ ನಮಗೆ ವಿಷ ಏರುವುದೇ ಇಲ್ಲ. ಅದು ಮದ್ದಲ್ಲ, ಲಸಿಕೆ: ಮೊದಲೇ ಏರಿದ್ದನ್ನು ಇಳಿಸುವುದಿಲ್ಲ. (ನಿಜವಾಗಿ ಹಾವು ಕಚ್ಚಿದರೆ ನೇರ ಆಸ್ಪತ್ರೆಗೆ ಹೋಗಬೇಕು ಎಂದು ಅವನಿಗೂ ಹೇಳಿದೆ. “ಅದು ಗೊತ್ತೈತ್ರೀ ಸರ” ಎಂದ.)

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಬಟ್ಟೆ ಒಗೆಯುವುದಿದೆ, ಊರಿನಿಂದ ಫೋನ್ ಬರುತ್ತದೆ ಎಂದು ಏನೇನೋ ಹೇಳಿದ. ಹೊಸ ಊರಿನಲ್ಲಿ ಶನಿವಾರ ಸಂಜೆ ಒಬ್ಬನೇ ಪಿಜಿ ಕೋಣೆಯಲ್ಲಿ ಕೂರುವುದು ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಹತ್ತು ವರ್ಷದ ಹಿಂದೆ ನಾನೂ ಕೂತಿದ್ದೆ.

ತಪ್ಪು ನನ್ನದೋ ಆಟದ್ದೋ ಎಂದು ಯೋಚಿಸುತ್ತಾ ವಿಷದ ನಿಯಮಗಳ ಚರಿತ್ರೆ ಓದತೊಡಗಿದೆ. ಓದಿದಷ್ಟೂ ಇದು ನಮ್ಮ ಆಫೀಸಿನ ಕೆಲಸದಂತೆಯೇ ಕಂಡಿತು. ವಿಷ ಮೊದಲು ಬಂದದ್ದು 1994ರ ಲೆಜೆಂಡ್ಸ್ ಸೆಟ್‌ನಲ್ಲಿ, ಪಿಟ್ ಸ್ಕಾರ್ಪಿಯನ್ ಎಂಬ ಚೇಳಿನ ಜೊತೆ. ಮೂರು ಮಾನಾ ಕೊಟ್ಟು ಇಳಿಸಿದರೆ ಬಲ 1, ಒಮ್ಮೆ ಕಚ್ಚಿದರೆ ಒಂದು ವಿಷ. ಹತ್ತು ಸಲ ಕಚ್ಚುವಷ್ಟರಲ್ಲಿ ಬೇರೆ ಯಾವುದಾದರೂ ದೊಡ್ಡ ಕ್ರೀಚರ್ ಎದುರಾಳಿಯ 20 ಲೈಫನ್ನೇ ಮುಗಿಸಿರುತ್ತಿತ್ತು. ಹೆದರಿಸುವ ಹೆಸರು, ಕೆಲಸಕ್ಕೆ ಬಾರದ ಕೊಂಡಿ. 90ರ ದಶಕ ಮುಗಿಯುವ ಮೊದಲೇ ವಿಷದ ಕಾರ್ಡುಗಳು ನಿಂತವು. ಆದರೆ ಕಂಪನಿಯ ಹಿರಿಯ ವಿನ್ಯಾಸಕಾರ ಮಾರ್ಕ್ ರೋಸ್‌ವಾಟರ್‌ಗೆ ವಿಷವೆಂದರೆ ಮೊದಲಿನಿಂದಲೂ ಪ್ರೀತಿ. 2007ರಲ್ಲಿ ಒಂದೆರಡು ಕಾರ್ಡುಗಳಲ್ಲಿ ಇಣುಕಿದ ವಿಷ, 2010ರಲ್ಲಿ ಸ್ಕಾರ್ಸ್ ಆಫ್ ಮಿರೊಡಿನ್ ಸೆಟ್‌ನಲ್ಲಿ ಇನ್ಫೆಕ್ಟ್ ಆಗಿ ಭರ್ಜರಿಯಾಗಿ ಮರಳಿತು.

ಇನ್ಫೆಕ್ಟ್‌ನಲ್ಲಿ ಎರಡು ಸಂಗತಿಗಳು ಒಟ್ಟಿಗೆ ಸೇರಿಕೊಂಡವು. ಒಂದು, ವಿಷದ ಪ್ರಮಾಣ ಪೆಟ್ಟಿನ ಬಲಕ್ಕೆ ಸಮ. ಹಾಗಾಗಿ ಬಲ ಹೆಚ್ಚಿಸುವ ಪ್ರತಿ ಕಾರ್ಡೂ ವಿಷ ಹೆಚ್ಚಿಸುವ ಕಾರ್ಡಾಯಿತು. 20 ಲೈಫನ್ನು ಲೆಕ್ಕದಲ್ಲಿಟ್ಟು ರೂಪಿಸಿದ ಕಾರ್ಡುಗಳು 10ರ ಗುರಿಗೆ ಎರಡು ಪಟ್ಟು ಬಿರುಸಾಗಿ ಕಂಡವು. ಎರಡನೆಯದು ನನಗೆ ಇನ್ನೂ ದೊಡ್ಡದೆನಿಸುತ್ತದೆ: ಎರಡು ಖಾತೆಗಳು ಒಂದಕ್ಕೊಂದು ಕೂಡುವುದಿಲ್ಲ. ಎದುರಾಳಿಯ ಲೈಫನ್ನು 3ಕ್ಕೆ ಇಳಿಸಿ, ವಿಷವನ್ನು 7ಕ್ಕೆ ಏರಿಸಿದರೂ ಆಟ ಗೆದ್ದಂತಾಗುವುದಿಲ್ಲ. ಎರಡೂ ಅರ್ಧ ಕೆಲಸ. ಆದ್ದರಿಂದ ವಿಷ ಹಿಡಿದವನು ಪೂರ್ತಿ ವಿಷವನ್ನೇ ಹಿಡಿಯಬೇಕು. ಎದುರಿಗಿರುವವನ ಲೈಫ್, ಅದನ್ನು ಹೆಚ್ಚಿಸಿಕೊಳ್ಳಲು ಅವನು ಸೇರಿಸಿಕೊಂಡ ಕಾರ್ಡು, ಯಾವುದಕ್ಕೂ ಬೆಲೆ ಇಲ್ಲ. ಒಂದೇ ಮೇಜಿನಲ್ಲಿ ಕೂತು ಇಬ್ಬರೂ ಬೇರೆ ಬೇರೆ ಆಟ ಆಡಿದ ಹಾಗೆ.

ಹುಡುಗನ ಪ್ರಶ್ನೆಯಲ್ಲಿದ್ದದ್ದು ಇದೇ.

2023ರ ಫೈರೆಕ್ಸಿಯಾ: ಆಲ್ ವಿಲ್ ಬಿ ಒನ್ ಸೆಟ್‌ನಲ್ಲಿ ಇದನ್ನು ಸರಿಪಡಿಸಿದರು. ಹೊಸ ಗುಣದ ಹೆಸರು ಟಾಕ್ಸಿಕ್, ಪಕ್ಕದಲ್ಲೊಂದು ಅಂಕಿ. ಟಾಕ್ಸಿಕ್ 1 ಇರುವ ಕ್ರೀಚರ್ ಆಟಗಾರನಿಗೆ ಹೊಡೆದರೆ ಪೆಟ್ಟು ಎಂದಿನಂತೆ ಲೈಫಿಗೆ ಬೀಳುತ್ತದೆ, ಜೊತೆಗೆ ಒಂದು ವಿಷ ಏರುತ್ತದೆ. ಬಲವನ್ನು ನೀವು 10ಕ್ಕೆ ಏರಿಸಿದರೂ ವಿಷ ಒಂದೇ. ಪ್ರೋಗ್ರಾಂ ಬರೆಯುವವರ ಮಾತಿನಲ್ಲಿ, ವೇರಿಯಬಲ್ ಇದ್ದ ಕಡೆ ಕಾನ್‌ಸ್ಟೆಂಟ್ ಹಾಕಿದರು. ಅಂದಿನ ನನ್ನ ಅದೇ ಲೆಕ್ಕವನ್ನು ಟಾಕ್ಸಿಕ್ 1 ಇರುವ ಕ್ರೀಚರ್‌ನಿಂದ ಮಾಡಿದ್ದರೆ ಹುಡುಗನ ಬಳಿ 10 ಲೈಫ್, ಒಂದು ಹುಣಸೆ ಬೀಜ ಇರುತ್ತಿತ್ತು. ಕಷ್ಟದಲ್ಲಿರುತ್ತಿದ್ದ, ಆದರೆ ಆಟದೊಳಗೇ ಇರುತ್ತಿದ್ದ. ಮೂರು ವಿಷ ಏರಿದವನ ವಿರುದ್ಧ ಚುರುಕಾಗುವ ಕರಪ್ಟೆಡ್ ಎಂಬ ಕಾರ್ಡುಗಳನ್ನೂ ಸೇರಿಸಿದರು. ಅಂದರೆ ಹತ್ತಕ್ಕೆ ಮುಟ್ಟದ ವಿಷಕ್ಕೂ ಒಂದು ಉಪಯೋಗ ಬಂತು.

ಇನ್ಫೆಕ್ಟ್‌ನ ಭಕ್ತರು ಇದನ್ನು ಒಪ್ಪುವುದಿಲ್ಲ. ನಮ್ಮ ಫ್ಲ್ಯಾಟಿನ ಕೊಲ್ಹಾಪುರದ ಗೆಳೆಯನಿಗೆ ಟಾಕ್ಸಿಕ್ ಎಂದರೆ ನೀರು ಬೆರೆಸಿದ ಹಾಲು. ಬದುಕಿದರೆ ಪೂರ್ತಿ, ಸತ್ತರೆ ಪೂರ್ತಿ ಎಂಬುದೇ ವಿಷದ ಸೊಗಸು ಎನ್ನುತ್ತಾನೆ. ಅನುಭವಸ್ಥರಿಬ್ಬರು ಕೂತಾಗ ಅವನ ಮಾತು ಸರಿಯೇ ಇರಬಹುದು.

ನಾನು ಹೊಸ ಡೆಕ್ ಕಟ್ಟಿದೆ, ಪೂರಾ ಟಾಕ್ಸಿಕ್. ಹುಡುಗನ ಪಿಜಿಗೇ ಹೋಗಿ, ಈ ಸಲ ವಿಷ ನಿನ್ನ ಕೈಯಲ್ಲಿ ಎಂದು ಡೆಕ್ ಕೊಟ್ಟೆ. ಪ್ರೊಲಿಫರೇಟ್ ಎಂಬ ಮಾತಿನ ಅರ್ಥ ಮಾತ್ರ ಎರಡು ಸಲ ಹೇಳಬೇಕಾಯಿತು: ಯಾರ ಮೇಲೆ ಈಗಾಗಲೇ ಕೌಂಟರ್ ಇದೆಯೋ ಅವರಿಗೆ ಅದೇ ಬಗೆಯದು ಇನ್ನೊಂದು. ಹೊಡೆಯುವುದೇ ಬೇಡ. “ಬಡ್ಡಿ ಅನ್ರೀ ಸರ” ಎಂದ. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಆ ಶನಿವಾರದ ಆಟ ಮುಕ್ಕಾಲು ಗಂಟೆ ನಡೆಯಿತು. ಕೊನೆಗೆ ನನಗೆ 4 ಲೈಫ್, 9 ವಿಷ. ಅವನ ಕ್ರೀಚರ್‌ಗಳನ್ನೆಲ್ಲ ತಡೆದು ಕೂತಿದ್ದೆ, ಮುಂದಿನ ಸುತ್ತಿನಲ್ಲಿ ನನ್ನದೇ ಗೆಲುವು ಎಂಬ ಧೈರ್ಯವೂ ಇತ್ತು. ಹುಡುಗ ಕೈಯಲ್ಲಿದ್ದ ಕೊನೆಯ ಕಾರ್ಡ್ ಮೇಜಿನ ಮೇಲಿಟ್ಟು, “ಬಡ್ಡಿ ಕೊಡ್ರೀ ಸರ” ಎಂದು ಹುಣಸೆ ಬೀಜವೊಂದನ್ನು ನನ್ನ ಕಡೆ ದೂಡಿದ.

ಈಗ ಅವನು ಪ್ರತಿ ವಾರ ಬರುತ್ತಾನೆ. ನಾಲ್ಕು ಜನ ಕೂತು ಕಮಾಂಡರ್ ಎಂಬ ಬಗೆ ಆಡುತ್ತೇವೆ. ಅದರಲ್ಲಿ ಲೈಫ್ 40, ವಿಷ ಮಾತ್ರ ಅದೇ 10. ಇದು ಅನ್ಯಾಯವೇ ಎಂಬ ಜಗಳ ಪ್ರತಿ ಶನಿವಾರ ಮರಾಠಿ, ತಮಿಳು, ಕನ್ನಡ, ಹಿಂದಿಯಲ್ಲಿ ನಡೆಯುತ್ತದೆ. ತಲೆಗೆ ಹತ್ತರಂತೆ 40 ಬೀಜ ಬೇಕು, ನಮ್ಮಲ್ಲಿ 31 ಇವೆ. ಅಮ್ಮನಿಗೆ ಹುಣಸೆಹಣ್ಣು ಕಳಿಸಲು ಹೇಳಿದ್ದೇನೆ, ಬೀಜ ತೆಗೆಯದೇ.