ಎಲ್ಲ ಮಕ್ಕಳೂ ಕಲಿಯಬೇಕಾದರೆ ಶಿಕ್ಷಕರೂ ಕಲಿಯಬೇಕು



ಕಿವಿ ಮಂದವಾದ ಮಗುವಿಗೂ ಊರಿನ ಶಾಲೆಯಲ್ಲಿ ಸೀಟು ಸಿಗಬಹುದು. ಆದರೆ ಪಾಠ ಸಿಗುತ್ತದೆಯೇ? ಟೀಚರ್ ಬೋರ್ಡಿನತ್ತ ತಿರುಗಿ ಬರೆಯುತ್ತಲೇ ಮಾತನಾಡಿದರೆ, ಅವರ ತುಟಿಯ ಚಲನೆ ನೋಡಿ ಅರ್ಥಮಾಡಿಕೊಳ್ಳುವ ಮಗುವಿಗೆ ಪಾಠ ಅಲ್ಲಿಗೇ ನಿಂತುಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೂ ಕಲಿಕೆ ಇರುವುದಿಲ್ಲ.

ಎಲ್ಲ ಮಕ್ಕಳೂ ಒಂದೇ ತರಗತಿಯಲ್ಲಿ ಕೂತು, ಅವರವರಿಗೆ ಬೇಕಾದ ನೆರವು ಪಡೆದು ಕಲಿಯುವುದೇ ಸಮನ್ವಯ ಶಿಕ್ಷಣ. 1994ರಲ್ಲಿ ಸ್ಪೇನ್ ದೇಶದ ಸಲಮಾಂಕಾ ನಗರದಲ್ಲಿ ಸೇರಿದ್ದ 92 ದೇಶಗಳ ಪ್ರತಿನಿಧಿಗಳು ಈ ತತ್ವವನ್ನು ಒಪ್ಪಿಕೊಂಡರು. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಶಿಕ್ಷಕರಿಗೆ ತರಬೇತಿ ಕೊಡಬೇಕೆಂದೂ, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಬೇಕೆಂದೂ ಅದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ತರಬೇತಿ ಪಡೆಯಬೇಕೆಂದು ಸೂಚಿಸಿದೆ.

ಈ ಗಂಟೆಗಳನ್ನು ಹೇಗೆ ಬಳಸಬೇಕು? ಸಭಾಂಗಣದಲ್ಲಿ ಒಂದು ದಿನ ಭಾಷಣ ಕೇಳಿ, ಪ್ರಮಾಣಪತ್ರ ಪಡೆದು ಬಂದರೆ ತರಗತಿ ಬದಲಾಗುವುದಿಲ್ಲ. ಮೂರು ಸಂಗತಿಗಳು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲನೆಯದು, ಗುರುತಿಸುವುದು. ಪ, ವ, ಷ ಅಕ್ಷರಗಳಲ್ಲಿ ಪದೇ ಪದೇ ಗೊಂದಲಪಡುವ, ಒತ್ತಕ್ಷರ ಬಂದಾಗ ತಡವರಿಸುವ ಮಗುವನ್ನು ಸೋಮಾರಿ ಎಂದು ಗದರುವುದು ಸುಲಭ. ಅದು ಕಲಿಕಾ ನ್ಯೂನತೆಯೂ ಆಗಿರಬಹುದು. ಇಂಥ ಲಕ್ಷಣಗಳನ್ನು ಗುರುತಿಸಲು ಎನ್.ಸಿ.ಇ.ಆರ್.ಟಿ. ಸಂಸ್ಥೆಯು 2022ರಲ್ಲಿ ‘ಪ್ರಶಸ್ತ್’ ಎಂಬ ಮೊಬೈಲ್ ಆ್ಯಪ್ ಹೊರತಂದಿತು. ಶಿಕ್ಷಕರು ಲಕ್ಷಣಗಳನ್ನು ಗಮನಿಸಬೇಕು. ನ್ಯೂನತೆ ಇದೆಯೋ ಇಲ್ಲವೋ ಎಂದು ನಿರ್ಧರಿಸುವುದು ತಜ್ಞರ ಕೆಲಸ.

ಎರಡನೆಯದು, ಪಾಠದ ರೀತಿಯನ್ನು ಬದಲಿಸುವುದು. ಮೊದಲು ಬರೆದು, ನಂತರ ಮಕ್ಕಳ ಕಡೆ ತಿರುಗಿ ಮಾತನಾಡುವುದು. ದೃಷ್ಟಿ ಮಂದವಾದ ಮಗುವಿಗಾಗಿ ಬೋರ್ಡಿನ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದುವುದು. ಬರೆಯಲು ಕಷ್ಟಪಡುವವನಿಂದ ಬಾಯಿಮಾತಿನ ಉತ್ತರ ಕೇಳುವುದು. ಇವುಗಳಿಗೆ ಹಣ ಬೇಕಿಲ್ಲ, ಅಭ್ಯಾಸ ಬೇಕು. ಒಬ್ಬ ಶಿಕ್ಷಕರು ಮತ್ತೊಬ್ಬರ ತರಗತಿಯಲ್ಲಿ ಕುಳಿತು ನೋಡಿ, ನಂತರ ಇಬ್ಬರೂ ಮಾತನಾಡಿಕೊಂಡರೆ ಆ ಅಭ್ಯಾಸ ಬೆಳೆಯುತ್ತದೆ.

ಮೂರನೆಯದು, ಜೊತೆಗಾರರ ನೆರವು. ಐವತ್ತು ಮಕ್ಕಳಿರುವ ತರಗತಿಯಲ್ಲಿ ಒಬ್ಬರೇ ಎಲ್ಲವನ್ನೂ ಮಾಡಬೇಕೆನ್ನುವುದು ನ್ಯಾಯವಲ್ಲ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯಲಾಗುವ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಕೆಲಸ ಮಾಡುತ್ತಾರೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದರೆ ಅವರ ಸಂಪರ್ಕ ಪಡೆಯಬಹುದು. ತರಬೇತಿಗೆ ಹೋಗುವ ಶಿಕ್ಷಕರಿಗೆ ಆಡಳಿತ ಮಂಡಳಿಯೂ ಸಮಯ ಮಾಡಿಕೊಡಬೇಕು.

ತಂದೆತಾಯಿಯರೇ, ಮಗುವಿನ ತೊಂದರೆಯನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ಆ ಮಗುವನ್ನು ಚೆನ್ನಾಗಿ ಬಲ್ಲವರು ನೀವು. ನಿಮ್ಮ ಅನುಭವವೂ ಶಿಕ್ಷಕರಿಗೆ ತರಬೇತಿಯೇ. ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಬಗ್ಗೆ ಕೇಳುವಾಗ ಇದನ್ನೂ ವಿನಯದಿಂದ ಕೇಳೋಣ: “ಈ ವರ್ಷ ನಮ್ಮ ಟೀಚರ್‌ಗಳಿಗೆ ಇಂಥ ಮಕ್ಕಳಿಗೆ ಕಲಿಸುವ ತರಬೇತಿ ಸಿಕ್ಕಿದೆಯೇ? ಅದಕ್ಕೆ ನಾವೇನು ಸಹಾಯ ಮಾಡಬಹುದು?” ಆ ತೊಂದರೆ ನಮ್ಮ ಮನೆಯ ಮಗುವಿಗೆ ಇಲ್ಲದಿದ್ದರೂ ಕೇಳೋಣ. ಪಕ್ಕದ ಬೆಂಚಿನಲ್ಲಿ ಕುಳಿತ ಮಗುವೂ ನಮ್ಮದೇ ಅಲ್ಲವೇ?